ಅರ್ಧ ಗಂಟೆಯ ದೂರ

ಒಲ್ಯಾಂವ್ ಊರಿನ ಕಟ್ಟೆಯಿಂದ ಕುಲಾತ್ರಾ ನಡುಗಡ್ಡೆಗೆ
ಲಾಂಚಿನಲ್ಲಿ ಅರ್ಧ ಗಂಟೆ.
ಅಮ್ಮನಿಗೆ ಎಪ್ಪತ್ತೊಂಬತ್ತು ವರ್ಷ ಹಿಡಿಯಿತು.

ನಗಲಿ ಎಂದು ಹೇಳಿದ ಮಾತು. ನಗಲಿಲ್ಲ.
ಮಡಿಲಲ್ಲಿ ಕಲ್ಲಂಗಡಿ ಕೂರಿಸಿಕೊಂಡು
ಟಿಕೇಟನ್ನು ಹಿಂದೆ ಮುಂದೆ ತಿರುಗಿಸಿ ಓದಿದಳು:
‘ವಾಪಸು ಬರೋಕೂ ಇದೇ ನಡೆಯುತ್ತೆ ತಾನೆ?’

ನಲವತ್ತೊಂದು ವರ್ಷ, ಬೂತಾಯಿ ಡಬ್ಬಿಯ ಕಾರ್ಖಾನೆ.
ಮೀನು ಬಂತೆಂದರೆ ಸೈರನ್ನು,
ನಡುರಾತ್ರಿಯೋ, ಕೋಳಿ ಕೂಗುವ ಹೊತ್ತೋ,
ಎದ್ದವಳೇ ಏಪ್ರನ್ನು ಕಟ್ಟಿ ಓಟ.
ತಲೆ ಚಿವುಟು, ಕರುಳು ತೆಗೆ, ಉಪ್ಪುನೀರಲ್ಲಿ ಅದ್ದು,
ತಲೆಗೆ ಬಾಲ ಬಾಲಕ್ಕೆ ತಲೆ ಸೇರಿಸಿ ಮಲಗಿಸು,
ಡಬ್ಬಿಗೆ ಐದು.
ಮನೆಯಲ್ಲಿ ನಾವೂ ಐವರು, ಒಂದೇ ಮಂಚ,
ಅದೇ ಕ್ರಮ.
ಕಿಟಕಿಯಾಚೆ ಕಾಣುತ್ತಲೇ ಇತ್ತು ಈ ಮರಳ ಗೆರೆ,
ಮೇಜಿನ ಮೇಲೆ ಒರೆಸಲು ಮರೆತ
ಚಿಟಿಕೆ ಉಪ್ಪಿನ ಹಾಗೆ.

ಇಲ್ಲಿ ರಸ್ತೆಯಿಲ್ಲ, ಕಾರಿಲ್ಲ.
ಸಾಮಾನಿಗೆ ಒಂದು ಟ್ರ್ಯಾಕ್ಟರು,
ಅದಕ್ಕೂ ಮಧ್ಯಾಹ್ನದ ನಿದ್ದೆ.
ಫೆಲಿಜ್ಮೀನಾಳ ಎರಡು ಕೋಣೆಯ ಮನೆ,
ಬೀಗದ ಕೈ ಬಾಗಿಲ ಬಳಿಯ ಚಿಪ್ಪಿನಡಿ,
ಒಲೆಯ ಮೇಲೊಂದು ಚೀಟಿ:
‘ನಲ್ಲಿ ರಾತ್ರಿ ಗೊಣಗುತ್ತೆ. ಅದರ ಪಾಡಿಗೆ ಬಿಡಿ.’

ನನ್ನ ಗಂಡ ವಾಲ್ದೆಮಾರ್ ಬ್ರೆಡ್ಡು ಬೇಯಿಸುವವನು.
ಇಪ್ಪತ್ತು ವರ್ಷದಿಂದ ಎರಡು ಗಂಟೆಗೆ ಏಳುತ್ತಾನೆ.
ಇಲ್ಲೂ ಎದ್ದ. ಮೆಟ್ಟಿಲ ಮೇಲೆ ಕೂತ.
ನಾದಲು ಏನೂ ಇಲ್ಲ, ಕೈ ಎರಡಿವೆ.
ಎರಡನೇ ರಾತ್ರಿಯೂ ಎದ್ದ, ನಲ್ಲಿಯ ಜೊತೆ ಗೊಣಗಿದ.
ಮೂರನೇ ದಿನ ಒಂಬತ್ತಾದರೂ ಏಳಲಿಲ್ಲ.
ಮಕ್ಕಳು ಹೊಟ್ಟೆಯ ಮೇಲೆ ಚಿಪ್ಪು ಜೋಡಿಸಿದರು,
ಹದಿನೇಳು ಚಿಪ್ಪು ಏರಿದವು, ಇಳಿದವು,
ಒಂದೂ ಬೀಳಲಿಲ್ಲ.

ತೆಲ್ಮೊ, ಈರಿಶ್‌ಗೆ ಒಂದೇ ಹಟ:
ದಿಬ್ಬದ ಪೊದೆಯಲ್ಲಿ ಗೋಸುಂಬೆಗಳಿವೆಯಂತೆ.
ಮುಳ್ಳು ಗೀರಿ, ಮೂಗು ಸುಲಿದು,
ಹಸಿರನ್ನೆಲ್ಲ ಅನುಮಾನಿಸುತ್ತ ಅಲೆದರು.
ಸಿಕ್ಕಿದ್ದು ಒಂದು ಚಪ್ಪಲಿ. ಎಡಗಾಲಿನದು.

ನೀರು ಹಿಂದೆ ಸರಿದಾಗ ನಾನು ಕೆಸರಿಗಿಳಿದೆ.
ಪುಟ್ಟ ತೂತು ಕಂಡಲ್ಲಿ ಬೆರಳಿಟ್ಟು
ಬಳಚು ಹೆಕ್ಕಿದೆ, ಒಂದು ಸೊಂಟದ ಬುಟ್ಟಿಯಷ್ಟು.
ಬೆಳ್ಳುಳ್ಳಿ, ಕೊತ್ತಂಬರಿ, ಒಂದು ಹನಿ ವೈನು.
ಬಾಯಿ ಬಿಡದ ನಾಲ್ಕನ್ನು ಅಮ್ಮ ಎತ್ತಿಟ್ಟಳು:
‘ಹೇಳಲು ಇಷ್ಟವಿಲ್ಲದವರನ್ನು ಕೇಳಬಾರದು.’

ಸಂಜೆ ಎಲ್ಲರೂ ಹೊರಗಡಲಿಗೆ ಮುಖ ಮಾಡಿದರೆ
ಅವಳೊಬ್ಬಳು ಕುರ್ಚಿಯನ್ನು ಊರಿನತ್ತ ತಿರುಗಿಸಿದಳು.
‘ಸಮುದ್ರ ಈ ಕಡೆ ಇದೆ ಅಮ್ಮ.’
‘ಇರಲಿ. ಅದು ಎಲ್ಲೂ ಹೋಗಲ್ಲ.’

ಅಗೋ ಇಗರ್ಜಿಯ ಗೋಪುರ. ಅದು ಸಂತೆಕಟ್ಟೆ.
ಅದು ಚಿಮಣಿ, ಈಗ ಅದರ ಮೇಲೆ ಕೊಕ್ಕರೆ ಗೂಡು.
ಬೆಳ್ಳಗೆ, ಸದ್ದಿಲ್ಲದೆ, ತೊಳೆದು ಬೋರಲು ಹಾಕಿದ
ಬಟ್ಟಲುಗಳಂತೆ ಮನೆಗಳು.
ಅಮ್ಮ ಒಂದು ಕಣ್ಣು ಮುಚ್ಚಿ,
ಉಗುರು ಹೋದ ಹೆಬ್ಬೆರಳು ಎತ್ತಿ ಹಿಡಿದಳು.
ಕಾರ್ಖಾನೆ ಇಲ್ಲ.
ಬೆರಳು ಇಳಿಸಿದಳು. ಇದೆ.
ಮತ್ತೆ ಎತ್ತಿದಳು. ಇಲ್ಲ.
ಕತ್ತಲಾಗುವವರೆಗೂ ಅದೇ ಆಟ.
ನಾನು ಒಳಗಿನಿಂದ ಶಾಲು ತಂದವಳು
ಹೊದಿಸದೆ ಹಾಗೇ ನಿಂತೆ.

ಐದನೆಯ ದಿನ, ವಾಪಸು ಲಾಂಚಿನಲ್ಲಿ,
ಮುಖ ಊದಿಸಿ ಕೂತ ತೆಲ್ಮೊ ಕೇಳಿದ:
‘ಅಜ್ಜೀ, ಗೋಸುಂಬೆ ಅನ್ನೋದು ಸುಳ್ಳು ಅಲ್ವಾ?’
‘ಯಾಕೋ ಸುಳ್ಳು? ಮೊದಲನೇ ದಿನವೇ ಕಂಡಿತ್ತು.
ನನ್ನ ಕುರ್ಚಿಯ ಪಕ್ಕದ ಗಿಡದಲ್ಲಿ,
ಒಂದು ಕಣ್ಣು ಆ ಕಡೆ, ಒಂದು ಕಣ್ಣು ಈ ಕಡೆ.’
‘ಮತ್ತೆ ಹೇಳಲೇ ಇಲ್ಲ!’

ಅಮ್ಮ ಮಡಿಲಿನ ಎಡಗಾಲ ಚಪ್ಪಲಿಯ ಮರಳು ಕೊಡವಿದಳು.
‘ಪಾಪ, ಅದೂ ಸುಮ್ಮನೆ ಕೂತಿತ್ತು ಕಣೋ.
ಎಷ್ಟು ದಿನಕ್ಕೆ ಬಿಡುವು ಸಿಕ್ಕಿತ್ತೋ ಏನೋ.’